ಮುಡಿಕಟ್ಟೆಯಿಂದ ಕ್ಷೌರದಂಗಡಿಗೆ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯ ಮಗ್ಗುಲಲ್ಲಿ ಹರಿಯುವ ಕಪಿಲೆಯೇ ಮುಂದೆ ತಿರುಮಕೂಡಲು ನರಸೀಪುರಕ್ಕೆ ಬಂದು ಕಾವೇರಿಯನ್ನು ಕೂಡುವಳಾದ್ದರಿಂದ, ಈ ಎರಡು ಊರುಗಳೂ ಒಂದೇ ನೀರಿನ ನೆಂಟಸ್ತಿಕೆಯುಳ್ಳವು. ಆದರೆ ಆ ದಡದಲ್ಲಿ ಕುಳಿತು ಕತ್ತಿ ಹಿಡಿಯುವ ಕ್ಷೌರಿಕನ ಕೆಲಸ ಮಾತ್ರ ಮೇಲಿನ ಊರಿನಲ್ಲಿ ಒಂದು ಬಗೆ, ಕೆಳಗಿನ ಊರಿನಲ್ಲಿ ಇನ್ನೊಂದು ಬಗೆ. ನಂಜನಗೂಡಿಗೆ ಜನ ಬರುವುದು ಹರಕೆಯನ್ನು ತೀರಿಸುವುದಕ್ಕೆ, ಮಗುವಿನ ಹುಟ್ಟುಗೂದಲನ್ನು ನಂಜುಂಡನಿಗೆ ಒಪ್ಪಿಸುವುದಕ್ಕೆ. ನರಸೀಪುರದ ಸಂಗಮಕ್ಕೆ ಬರುವವರಲ್ಲಿ ಅನೇಕರು ಅಸ್ಥಿಯ ಗಡಿಗೆಯನ್ನು ಹೊತ್ತು, ತಲೆ ಬೋಳಿಸಿಕೊಂಡು, ಮಿಂದು, ಪಿಂಡವಿಡುವುದಕ್ಕೆ ಬಂದವರು. ಅಲ್ಲಿ ಬಾಯಲ್ಲಿ ಪೆಪ್ಪರಮೆಂಟಿದ್ದರೂ ಅಳುವ ಕೂಸು, ಇಲ್ಲಿ ಮಾತೇ ಹೊರಡದ ಹಿರಿಯ ಮಗ. ಇಬ್ಬರ ತಲೆಯೂ ಒಂದೇ ಕಸುಬಿನವನ ಕೈಗೆ ಬಾಗಬೇಕು.

ಮುಡಿ ತೆಗೆಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಆ ಕೆಲಸದ ನಾಜೂಕು ತಿಳಿಯುತ್ತದೆ. ತಂದೆಯೋ ಸೋದರಮಾವನೋ ತೊಡೆಯ ಮೇಲೆ ಕೂರಿಸಿಕೊಂಡ ಮಗುವಿನ ತಲೆಯನ್ನು ಕ್ಷೌರಿಕನು ಮೊದಲು ಕೂದಲಿನ ಬುಡಕ್ಕೆ ನೀರಿಳಿಯುವಂತೆ ನೆನೆಸಿ ತಿಕ್ಕುತ್ತಾನೆ. ಒಣಗೂದಲ ಮೇಲೆ ಆಡಿಸಿದ ಅಲಗು ಚರ್ಮವನ್ನು ಜಗ್ಗುವುದೆಂದು ಅವನು ಬಲ್ಲ. ಬಳಿಕ ಎಡಗೈಯ ಬೆರಳುಗಳಿಂದ ಚರ್ಮವನ್ನು ಬಿಗಿಹಿಡಿದು, ಕೂದಲು ಬೆಳೆದ ದಿಕ್ಕನ್ನೇ ಅನುಸರಿಸಿ, ಗಿಡ್ಡ ಗಿಡ್ಡ ಎಳೆತಗಳಲ್ಲಿ ಕತ್ತಿಯನ್ನು ಸಾಗಿಸುವನು. ಮಗು ತಲೆ ಕೊಡವುವ ಮೊದಲೇ ಎಡಗೈಗೆ ಅದರ ಸುಳಿವು ಸಿಕ್ಕಿರುತ್ತದೆ, ಬಲಗೈ ಮೇಲೆದ್ದಿರುತ್ತದೆ; ಕಸುಬಿನ ಕಷ್ಟವೆಲ್ಲ ಇಷ್ಟರಲ್ಲಿಯೇ ಇದೆ. ಆಮೇಲೆ ಸ್ನಾನ, ಬೋಳುತಲೆಗೆ ತಂಪಾದ ಗಂಧ. ದೊಡ್ಡ ಜಾತ್ರೆಯ ಕಾಲದಲ್ಲಿ ಒಂದು ತಲೆ ಮುಗಿಯುವಷ್ಟರಲ್ಲಿ ಇನ್ನೊಂದು ಮುಂದೆ ಬಂದಿರುವುದರಿಂದ, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದಕ್ಕೂ ಬಿಡುವಿರದು.

ಕ್ಷೇತ್ರಗಳ ಮಾತು ಹಾಗಿರಲಿ; ಹಳ್ಳಿಯ ಕ್ಷೌರಿಕನು ಹಿಂದೆ, ಊರಿನ ಸೇವೆಗೆ ಬೆಳೆಯಲ್ಲಿ ಪಾಲು ಪಡೆಯುವ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನಾಗಿದ್ದನು. ವರ್ಷವೆಲ್ಲ ಸಲಕರಣೆಯ ಚೀಲವಾದ ಹಡಪವನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಿಂದ ಜಗಲಿಗೆ ತಿರುಗಿ ಕ್ಷೌರ ಮಾಡಿ, ಮದುವೆಯ ಮನೆಗಳಲ್ಲಿ ಓಲಗ ಊದಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿಯನ್ನೋ ಬತ್ತವನ್ನೋ ಆಯವೆಂದು ಪಡೆಯುತ್ತಿದ್ದನು. ಈ ಏರ್ಪಾಡನ್ನು ಹೊಗಳಿ ಬರೆಯುವವರು ಈಗಲೂ ಇದ್ದಾರೆ. ಹಸಿವಿಗೆ ಅದು ಆಸರೆಯಾಗಿತ್ತೆಂಬುದು ನಿಜವಾದರೂ, ತನ್ನ ಶ್ರಮಕ್ಕೆ ತಾನೇ ಬೆಲೆ ಹೇಳುವ ಅಧಿಕಾರ ಅದರಲ್ಲಿ ಇರಲಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ಪೇಟೆಯಲ್ಲಿ ಬಾಡಿಗೆಗೆ ಒಂದು ಮಳಿಗೆ ಹಿಡಿದು, ಕನ್ನಡಿಯ ಮುಂದೆ ಕುರ್ಚಿ ಹಾಕಿ, ಗೋಡೆಗೆ ದರದ ಹಲಗೆಯನ್ನು ನೇತುಹಾಕಿದ ದಿನ ಈ ವೃತ್ತಿಯ ಚರಿತ್ರೆಯಲ್ಲಿ ಸಣ್ಣ ದಿನವಲ್ಲ. ಮನೆಗೆ ಕರೆಸಿಕೊಳ್ಳುತ್ತಿದ್ದ ಗೌಡರೇ ಅಂದಿನಿಂದ ಬೆಂಚಿನ ಮೇಲೆ ಕುಳಿತು ಸರದಿ ಕಾಯತೊಡಗಿದರು.

ಈಗ ಈ ಕಸುಬಿಗೆ ಬರಬಯಸುವ ತರುಣನು ಮೊದಲು ಒಬ್ಬ ಹಿರಿಯನ ಅಂಗಡಿಯಲ್ಲಿ ಕೂದಲು ಗುಡಿಸಿ, ನೊರೆ ಹಚ್ಚಿ, ಕಣ್ಣಿನಿಂದ ಕಲಿತು, ಆಮೇಲೆ ಕತ್ತರಿ ಬಾಚಣಿಗೆಗಳನ್ನು ಕೈಗೆತ್ತಿಕೊಳ್ಳುವುದೇ ರೂಢಿ. ಸಾಣೆ ಹಿಡಿದ ಕತ್ತಿಯ ಸ್ಥಾನಕ್ಕೆ ಒಬ್ಬೊಬ್ಬನಿಗೂ ಹೊಸದಾಗಿ ಸಿಕ್ಕಿಸುವ ಬ್ಲೇಡು ಬಂದಿದೆ; ರಕ್ತದ ಮೂಲಕ ಹರಡುವ ಕಾಮಾಲೆ ಮೊದಲಾದ ರೋಗಗಳ ಭಯದಿಂದ ಬಂದ ಈ ಪದ್ಧತಿಯಲ್ಲಿ ಜಿಪುಣತನ ಸಲ್ಲದು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸುಬುಗಳಲ್ಲಿ ಕ್ಷೌರವನ್ನೂ ಸೇರಿಸಿ, ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿಗಳ ಭತ್ಯೆಯನ್ನೂ, ಸಲಕರಣೆಗಳಿಗೆ 15,000 ರೂಪಾಯಿಗಳ ನೆರವನ್ನೂ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇಕಡ 5ರ ಬಡ್ಡಿಯ ಸಾಲವನ್ನೂ ಇರಿಸಿದೆ. ಮಂಗಳವಾರ ರಜೆ, ಭಾನುವಾರ ಮಾತ್ರ ಊಟಕ್ಕೂ ಪುರುಸೊತ್ತಿಲ್ಲ. ದಿನದ ದುಡಿಮೆಯಲ್ಲಿಯೇ ದಿನದ ಅನ್ನವೆಂಬುದನ್ನು ಕೊರೋನಾದ ಕಾಲ ಎತ್ತಿ ತೋರಿಸಿತು: 2020ರ ಮೇ ತಿಂಗಳಲ್ಲಿ ರಾಜ್ಯಸರ್ಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಪರಿಹಾರವನ್ನು ಘೋಷಿಸಬೇಕಾಯಿತು.

ಅದೇ ವರ್ಷದ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಗ್ರಾಮವೊಂದರಿಂದ ಬಂದ ಸುದ್ದಿ ಬೇರೆ ಜಾತಿಯದು. ಪರಿಶಿಷ್ಟರಿಗೆ ಕ್ಷೌರ ಮಾಡಿದನೆಂಬ ಕಾರಣಕ್ಕೆ ಅಲ್ಲಿಯ ಕ್ಷೌರಿಕನೊಬ್ಬನಿಗೆ ಊರಿನ ಪ್ರಬಲರು 50,000 ರೂಪಾಯಿ ದಂಡ ವಿಧಿಸಿ, ಅವನ ಕುಟುಂಬಕ್ಕೆ ಬಹಿಷ್ಕಾರ ಹಾಕಿದರೆಂದು ಪತ್ರಿಕೆಗಳು ವರದಿ ಮಾಡಿದವು. ಅಂಗಡಿಗಳಿಗೆ ಯಾರ ಪ್ರವೇಶವನ್ನೂ ಜಾತಿಯ ನೆಪದಿಂದ ತಡೆಯಕೂಡದೆಂಬ ವಿಧಿಯು 1948ರಲ್ಲಿ ಸಂವಿಧಾನ ಸಭೆಯ ಮುಂದೆ ಬಂದಾಗ, ತನ್ನ ಸೇವೆಯನ್ನು ಜನಕ್ಕೆ ಒದಗಿಸುವ ಪ್ರತಿಯೊಬ್ಬನಿಗೂ ಅದು ಅನ್ವಯಿಸುವುದೆಂದು ಡಾ. ಅಂಬೇಡ್ಕರರು ಸ್ಪಷ್ಟಪಡಿಸಿದ್ದರು; ಈ ಬಡ ಕ್ಷೌರಿಕನು ತೆತ್ತ ಬೆಲೆ ಆ ವಿಧಿಯನ್ನು ಪಾಲಿಸಿದ್ದಕ್ಕೆ. ಗ್ರಾಮಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯಬೇಕೆಂಬ ಪ್ರಸ್ತಾಪ ಆಗ ಕೇಳಿಬಂತು. ನನಗೇನೋ ಅದು ರುಚಿಸಲಿಲ್ಲ: ಬೇರೆ ಅಂಗಡಿ ತೆರೆದರೆ ಬೇರ್ಪಡಿಸಿದವರ ಇಚ್ಛೆಯೇ ನೆರವೇರಿ, ಇರುವ ಕ್ಷೌರಿಕನ ಗಿರಾಕಿಗಳೂ ಕಡಮೆಯಾಗುವರು; ದಂಡ ಹಾಕಿದವರ ಮೇಲೆ ಮೊಕದ್ದಮೆ ಹೂಡಿ, ಅವನು ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಅಂಗಡಿಯ ಮುಂದೆ ಒಬ್ಬ ಪೇದೆಯನ್ನು ನಿಲ್ಲಿಸುವುದಕ್ಕೆ ತಗಲುವ ಖರ್ಚೂ ಅದಕ್ಕಿಂತ ಕಡಮೆ.