ಅಲುಗುವ ಶ್ರುತಿಗೆ ಎಷ್ಟು ಬೆಲೆ?

ಗಿಟಾರ್ ನುಡಿಸುವ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ‘ಹಳೇ ಕ್ಯಾಸೆಟ್ಟಿನ ಹಾಗೆ ಧ್ವನಿ ಬರಿಸುವ ಲೋ-ಫೈ ಪೆಡಲ್‌ಗಳು ಬಂದಿವೆಯಲ್ಲ, ಒಳ್ಳೆಯದೊಂದಕ್ಕೆ ಮೂವತ್ತು ಸಾವಿರ ದಾಟುತ್ತದೆ. ಕೊಳ್ಳಲೇ? ಅಥವಾ ಅಟ್ಟದ ಮೇಲಿರುವ ಟೇಪ್ ರೆಕಾರ್ಡರನ್ನೇ ಇಳಿಸಲೇ?’

ಈ ಪ್ರಶ್ನೆ ಬಂದದ್ದು ನನಗೆ ನಿಜಕ್ಕೂ ಖುಷಿ. ಹಳೇ ಟೇಪಿನ ಧ್ವನಿಯನ್ನು ನಾವು ಒಂದೇ ಸಮಗ್ರ ಗುಣವೆಂಬಂತೆ ಮಾತಾಡುತ್ತೇವೆ. ಆದರೆ ಅದು ನಾಲ್ಕಾರು ಬೇರೆ ಬೇರೆ ದೋಷಗಳ ಗುಂಪು. ಒಂದೊಂದಕ್ಕೂ ಬೇರೆ ಕಾರಣ, ಬೇರೆ ಬೆಲೆ. ಅವುಗಳಲ್ಲಿ ಕೆಲವಕ್ಕೆ ಚಿಕ್ಕಾಸೂ ಕೊಡಬೇಕಾಗಿಲ್ಲ. ಒಂದಕ್ಕೆ ಮಾತ್ರ ಹಣ ಕೊಡಬಹುದು, ಅದೂ ಪರೀಕ್ಷಿಸಿ.

ಪುಕ್ಕಟೆ ಸಿಗುವುದನ್ನು ಮೊದಲು ಮುಗಿಸೋಣ. ‘ಸುಯ್’ ಎನ್ನುವ ಹಿಸ್ ಶಬ್ದವನ್ನು ಯಾವ ಮೊಬೈಲ್ ಆ್ಯಪ್ ಬೇಕಾದರೂ ಕೊಡುತ್ತದೆ. ಮಬ್ಬು ಕವಿದಂಥ ಧ್ವನಿ ಗಿಟಾರಿನ ಟೋನ್ ಗುಂಡಿಯಲ್ಲೇ ಇದೆ. ಆದರೂ ಈ ಮಬ್ಬಿನ ಲೆಕ್ಕ ಎಷ್ಟು ಚೆಂದವೆಂದರೆ ಹೇಳದೆ ಮುಂದೆ ಹೋಗಲಾರೆ. ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ಮತ್ತು ಅವರ ತಂಡ 1963ರಲ್ಲಿ ಹೊರತಂದ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸೆಕೆಂಡಿಗೆ ಹತ್ತು ಸಾವಿರ ಕಂಪನಗಳ ಧ್ವನಿ, ಅಂದರೆ ತಾಳದ ‘ಝಣ್’ ಎನ್ನುವ ಹರಿತ, ಅಷ್ಟೇ ಉದ್ದದಲ್ಲಿ ಅಚ್ಚಾಗಬೇಕು. ಹಾಗಾಗಿ ಒಂದೊಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಐದು ಮೈಕ್ರಾನಿಗೂ ಕಡಿಮೆ. ಹೆಡ್ಡಿಗೂ ಟೇಪಿಗೂ ನಡುವೆ ಒಂದೇ ಒಂದು ಮೈಕ್ರಾನಿನಷ್ಟು ಕೊಳೆ ಕೂತರೆ ಆ ಅಲೆ ಸುಮಾರು ಹನ್ನೊಂದು ಡೆಸಿಬಲ್ ಕುಗ್ಗುತ್ತದೆ. ಅದರ ಶಕ್ತಿಯಲ್ಲಿ ಹದಿನಾಲ್ಕರಲ್ಲೊಂದು ಪಾಲು ಉಳಿಯುತ್ತದೆ. ಬೆಲ್ ಪ್ರಯೋಗಾಲಯದ ಆರ್.ಎಲ್. ವ್ಯಾಲೇಸ್ 1951ರಲ್ಲಿ ಬರೆದಿಟ್ಟ ಸೂತ್ರವಿದು. ಅದೇ ಕೊಳೆ ನೂರು ಕಂಪನಗಳ ಮಂದ್ರಧ್ವನಿಯನ್ನು ಮುಟ್ಟುವುದೂ ಇಲ್ಲ. ಹೆಡ್ ಕೊಳೆಯಾದಾಗ ತಾಳ ಮಾಯವಾಗಿ ಮೃದಂಗದ ಎಡಗೈ ಮಾತ್ರ ಗಟ್ಟಿಯಾಗಿ ಉಳಿಯುತ್ತಿದ್ದುದು, ಸ್ಪಿರಿಟ್ ಹಚ್ಚಿದ ಹತ್ತಿ ಒಮ್ಮೆ ಆಡಿಸಿದರೆ ಹಾಡಿಗೆ ಜೀವ ಬರುತ್ತಿದ್ದುದು ಇದರಿಂದಲೇ.

ಈಗ ಹಣ ಕೊಡಬಹುದಾದ ದೋಷಕ್ಕೆ ಬರೋಣ: ಶ್ರುತಿಯ ಅಲುಗಾಟ. ‘ಕ್ಯಾಸೆಟ್ ಎಳೀತಿದೆ’ ಎನ್ನುತ್ತಿದ್ದೆವಲ್ಲ, ಅದು. ಎಂಜಿನಿಯರುಗಳು ನಿಧಾನದ ಅಲುಗಾಟವನ್ನು ವಾವ್ ಎಂದೂ ಚುರುಕಿನದನ್ನು ಫ್ಲಟರ್ ಎಂದೂ ಕರೆಯುತ್ತಾರೆ.

ಟೇಪನ್ನು ಎಳೆಯುವುದು ಕ್ಯಾಪ್‌ಸ್ಟನ್ ಎಂಬ ಸಣ್ಣ ಉಕ್ಕಿನ ಕಡ್ಡಿ. ಅದು ಎರಡೂವರೆ ಮಿಲಿಮೀಟರ್ ದಪ್ಪವಿದ್ದರೆ ಸೆಕೆಂಡಿಗೆ ಆರು ಸುತ್ತು ತಿರುಗಬೇಕು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸಾಕು, ಶ್ರುತಿ ಸೆಕೆಂಡಿಗೆ ಆರು ಸಲ ಏರಿಳಿಯುತ್ತದೆ. ಅದಕ್ಕೆ ಒತ್ತಿಕೊಂಡ ರಬ್ಬರಿನ ಪಿಂಚ್ ರೋಲರ್ ದೊಡ್ಡದು, ಆದ್ದರಿಂದ ನಿಧಾನ. ರಬ್ಬರು ಒಂದು ಕಡೆ ತಗ್ಗಾಗಿದ್ದರೆ ಅದರದೇ ಒಂದು ಲಯ. ಟೇಪನ್ನು ಸುತ್ತಿಕೊಳ್ಳುವ ಚಕ್ರ ಬರಿದಾಗಿದ್ದಾಗ ಸುಮಾರು ಒಂದೂವರೆ ಸೆಕೆಂಡಿಗೊಂದು ಸುತ್ತು, ತುಂಬಿದಾಗ ಮೂರು ಸೆಕೆಂಡಿಗೂ ಹೆಚ್ಚು. ಹಾಡು ಸಾಗಿದಂತೆ ಅದರ ಲಯವೂ ಬದಲಾಗುತ್ತ ಹೋಗುತ್ತದೆ. ಇವುಗಳ ಜೊತೆ ಮೋಟಾರು, ಸಡಿಲಗೊಂಡ ಬೆಲ್ಟು, ಹೆಡ್ಡಿಗೆ ಉಜ್ಜುತ್ತ ನಡುಗುವ ಟೇಪು. ಯಾವುದರ ಲಯಕ್ಕೂ ಇನ್ನೊಂದರ ಹಂಗಿಲ್ಲ. ಎಲ್ಲ ಒಂದರ ಮೇಲೊಂದು ಬಿದ್ದಾಗ ಹುಟ್ಟುವ ಅಲುಗಾಟ ತನ್ನನ್ನು ತಾನು ಮತ್ತೆ ಹೇಳಿಕೊಳ್ಳುವುದೇ ಇಲ್ಲ. ಅದು ಯಾದೃಚ್ಛಿಕವೂ ಅಲ್ಲ, ನಿಯತವೂ ಅಲ್ಲ. ಟೇಪಿನ ಇಡೀ ಸೊಗಸು ಇಲ್ಲಿದೆ ಎಂದು ನನ್ನ ನಂಬಿಕೆ.

ನಮ್ಮ ಕಿವಿಯೂ ಇದರಲ್ಲಿ ಅತಿ ಸೂಕ್ಷ್ಮ. ಸೆಕೆಂಡಿಗೆ ನಾಲ್ಕರ ಆಸುಪಾಸಿನ ಏರಿಳಿತವನ್ನು ಅದು ಎಲ್ಲಕ್ಕಿಂತ ಬೇಗ ಹಿಡಿಯುತ್ತದೆ. ಟೇಪ್ ಯಂತ್ರಗಳ ದೋಷ ಅಳೆಯುವ ಅಂತರರಾಷ್ಟ್ರೀಯ ಮಾನದಂಡವೂ ನಾಲ್ಕಕ್ಕೇ ಅತಿ ಹೆಚ್ಚು ತೂಕ ಕೊಟ್ಟಿದೆ. ನಾವು ಮಾತಾಡುವಾಗ ಅಕ್ಷರಗಳು ಉರುಳುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ವೇಗ ಶೇಕಡಾ ಒಂದರಷ್ಟು ವ್ಯತ್ಯಾಸವಾದರೆ ಶ್ರುತಿ ಒಂದು ಸ್ವರಸ್ಥಾನದ ಆರನೇ ಒಂದು ಭಾಗ ಸರಿಯುತ್ತದೆ. ಗಮಕ ತುಂಬಿದ ಗಾಯನದಲ್ಲಿ ಅದು ಕರಗಿಹೋದೀತು. ಹಿಂದೆ ತಂಬೂರಿ ಇದ್ದರೆ ತಪ್ಪಿಸಿಕೊಳ್ಳುವಂತಿಲ್ಲ. 1978ರ ‘ನಿತ್ಯೋತ್ಸವ’ದಿಂದ ಮುಂದೆ ಭಾವಗೀತೆಗಳನ್ನು ಧ್ವನಿಸುರುಳಿಯಲ್ಲೇ ಕೇಳಿ ಬೆಳೆದವರು ಗಮನಿಸಿರಬಹುದು: ಸುರುಳಿ ಹಳತಾದಂತೆ ಮೊದಲು ಕೆಟ್ಟಂತೆ ಅನಿಸುತ್ತಿದ್ದುದು ಹಾಡುವ ದನಿಯಲ್ಲ, ಕೊಳಲು, ಹಾರ್ಮೋನಿಯಂಗಳ ನೀಳ ಸ್ವರ.

ಟೇಪೂ ಇಲ್ಲದ, ಚಕ್ರವೂ ಇಲ್ಲದ ಪೆಡಲ್ ಇದನ್ನು ಹೇಗೆ ಮಾಡುತ್ತದೆ? ನೀವು ಈಗ ಮೀಟಿದ ಸ್ವರವನ್ನು ಅದು ಕೆಲವು ಮಿಲಿಸೆಕೆಂಡು ತನ್ನ ನೆನಪಿನಲ್ಲಿ ಹಿಡಿದಿಟ್ಟು ತಡವಾಗಿ ಬಿಡುತ್ತದೆ. ಆ ತಡವನ್ನೇ ಹಿಗ್ಗಿಸುತ್ತ ಹೋದರೆ ಶ್ರುತಿ ಇಳಿಯುತ್ತದೆ, ಕುಗ್ಗಿಸುತ್ತ ಹೋದರೆ ಏರುತ್ತದೆ. ರೈಲು ಹತ್ತಿರ ಬರುವಾಗ ಸೀಟಿ ಏರಿ, ದಾಟಿ ಹೋಗುವಾಗ ಇಳಿಯುವುದೂ ಇದೇ ಕಾರಣಕ್ಕೆ. ಸೆಕೆಂಡಿಗೊಂದು ಸಲ, ಶೇಕಡಾ ಒಂದರಷ್ಟು ಅಲುಗಿಸಲು ತಡವು ಅತ್ತ ಇತ್ತ ಒಂದೂವರೆ ಮಿಲಿಸೆಕೆಂಡು ಸರಿದರೆ ಸಾಕು. ಮೂರು ಸೆಕೆಂಡಿಗೊಮ್ಮೆ ತಿರುಗುವ ಚಕ್ರದ ವಾವ್ ಬೇಕಾದರೆ ಸುಮಾರು ಐದು ಮಿಲಿಸೆಕೆಂಡು ಬೇಕು. ಹಾಗಾಗಿ ಎಂಥ ಪೆಡಲ್ ಆದರೂ ನಿಮ್ಮ ಬೆರಳಿಗಿಂತ ಸ್ವಲ್ಪ ಹಿಂದೆಯೇ ಇರುತ್ತದೆ. ಹೆದರಬೇಡಿ, ಐದು ಮಿಲಿಸೆಕೆಂಡು ಎಂದರೆ ಆಂಪ್ಲಿಫೈಯರಿನಿಂದ ಐದೂವರೆ ಅಡಿ ದೂರ ನಿಂತು ನುಡಿಸಿದಷ್ಟೇ. ಇನ್ನೊಂದು ಮಾತು: ಪೆಡಲಿನಲ್ಲಿ ಮಿಕ್ಸ್ ಗುಂಡಿ ಇದ್ದರೆ ಮೂಲಧ್ವನಿಯನ್ನು ಪೂರ್ತಿ ಮುಚ್ಚಿ. ಮೂಲವೂ ಅಲುಗಿದ್ದೂ ಒಟ್ಟಿಗೆ ಬಂದರೆ ಕೇಳಿಸುವುದು ಟೇಪಲ್ಲ, ಕೋರಸ್. ಇಷ್ಟೂ ದುಡ್ಡು ಕೊಟ್ಟು ತಂದವರು ಎಡವುವುದು ಇಲ್ಲೇ.

ಟೇಪಿನ ಧ್ವನಿ ‘ಸಹಜ’, ಡಿಜಿಟಲ್ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದು ಎಂಬ ಮೂಢನಂಬಿಕೆಯನ್ನು ಮಾರಾಟಗಾರರು ಇನ್ನೂ ಸಾಕಿಕೊಂಡು ಬಂದಿದ್ದಾರೆ. ಇದನ್ನು ಬಿಟ್ಟುಬಿಡಬೇಕು. ಸಿ.ಡಿ. ಸೆಕೆಂಡಿಗೆ 44,100 ಮಾದರಿಗಳನ್ನು ದಾಖಲಿಸುತ್ತದೆ. ಅದರ ಅರ್ಧಕ್ಕಿಂತ ಕೆಳಗಿನ ಕಂಪನಗಳ ಅಲೆಯನ್ನು ಆ ಮಾದರಿಗಳಿಂದಲೇ ನುಣ್ಣಗೆ ಮರಳಿ ಕಟ್ಟಬಹುದೆಂದು ಕ್ಲಾಡ್ ಶಾನನ್ 1949ರಲ್ಲೇ ತೋರಿಸಿಕೊಟ್ಟಿದ್ದಾನೆ. ಸ್ಪೀಕರಿಗೆ ಹೋಗುವ ವಿದ್ಯುತ್ತಿನಲ್ಲಿ ಮೆಟ್ಟಿಲಿಲ್ಲ. ಮೂಲಕ್ಕೆ ಇಲ್ಲದ್ದನ್ನು ಸೇರಿಸುವುದು ಟೇಪು. ಸದ್ದು ಜೋರಾದಾಗ ಟೇಪಿನ ಕಾಂತಕಣಗಳು ತಿರುಗುವಷ್ಟು ತಿರುಗಿ ಸುಸ್ತಾಗುತ್ತವೆ, ಅಲೆಯ ಮೇಲ್ತುದಿ ಕೆಳತುದಿಗಳೆರಡೂ ಒಂದೇ ಸಮ ಚಪ್ಪಟೆಯಾಗುತ್ತವೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲದ ಮೂರರಷ್ಟು ಕಂಪನದ ಹೊಸ ಧ್ವನಿ ಹುಟ್ಟುತ್ತದೆ. ನೀವು ಮಧ್ಯಸ್ಥಾಯಿಯ ಷಡ್ಜ ಹಿಡಿದರೆ ಅದರ ಮೂರರಷ್ಟು ಯಾವುದು ಹೇಳಿ? ತಾರಸ್ಥಾಯಿಯ ಪಂಚಮ! ಟೇಪು ನಿಮ್ಮ ಸಕ್ಕೆ ತಾನಾಗಿ ಪ ಸೇರಿಸುತ್ತಿದೆ. ಜನ ‘ಬೆಚ್ಚಗಿದೆ’ ಎಂದು ಮೆಚ್ಚುವುದರಲ್ಲಿ ದೊಡ್ಡ ಪಾಲು ಈ ಪಂಚಮದ್ದು. ಎರಡು ಮೂರು ಸ್ವರ ಒಟ್ಟಿಗೆ ಮೀಟಿದರೆ ಮಾತ್ರ ಅವು ಪರಸ್ಪರ ಬೆರೆತು ಬೇಡದ ಸ್ವರಗಳನ್ನೂ ಹುಟ್ಟಿಸುತ್ತವೆ, ಧ್ವನಿ ಕಲಸಿಹೋಗುತ್ತದೆ.

ಇನ್ನು ಖರೀದಿಯ ವಿಚಾರ. ನೀವು ಮನೆಯಲ್ಲಿ ಕಂಪ್ಯೂಟರಿಗೆ ರೆಕಾರ್ಡ್ ಮಾಡುವವರಾದರೆ ಪೆಡಲ್ ಬೇಡ. ಸೋನಿ ಟಿ.ಸಿ. 260 ಎಂಬ ಹಳೇ ರೀಲ್ ಯಂತ್ರವನ್ನು ಅಧ್ಯಯನ ಮಾಡಿ, ಅದರ ಕಾಂತಕಣಗಳ ನಡವಳಿಕೆಯನ್ನೇ ಗಣಿತಕ್ಕಿಳಿಸಿ ಜತಿನ್ ಚೌಧುರಿ ಬರೆದ ‘ಚೌ ಟೇಪ್ ಮಾಡೆಲ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬಹಳ ಚೆನ್ನಾಗಿದೆ. ಅಟ್ಟದ ಟೇಪ್ ರೆಕಾರ್ಡರೂ ನಡೆಯುತ್ತದೆ. ಗಿಟಾರನ್ನು ಕ್ಯಾಸೆಟ್ಟಿಗಿಳಿಸಿ ಮತ್ತೆ ಕಂಪ್ಯೂಟರಿಗೆ ನುಡಿಸಿಕೊಳ್ಳಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕ’ವನ್ನು ನ್ಯೂಜೆರ್ಸಿಯ ತನ್ನ ಮನೆಯ ಕೋಣೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲೇ ಹಿಡಿದದ್ದು, ಬ್ಯಾಂಡಿನೊಂದಿಗೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ನೋಡಿದ ಮೇಲೂ ಬಿಡುಗಡೆಗೆ ಆರಿಸಿಕೊಂಡದ್ದು ಆ ಕ್ಯಾಸೆಟ್ಟನ್ನೇ. ಒಂದು ಎಚ್ಚರಿಕೆ ಮಾತ್ರ ಬೇಕು: ಯಂತ್ರದ ವೇಗ ಶೇಕಡಾ ಒಂದರಷ್ಟು ಹೆಚ್ಚುಕಡಿಮೆಯಾದರೂ ಮೂರು ನಿಮಿಷದ ಹಾಡು ಕೊನೆಗೆ ಎರಡು ಸೆಕೆಂಡಿನ ಹತ್ತಿರ ತಾಳ ತಪ್ಪುತ್ತದೆ. ತುಣುಕು ತುಣುಕಾಗಿ ಇಳಿಸಿಕೊಳ್ಳಿ.

ವೇದಿಕೆಯ ಮೇಲೆ ಈ ಉಪಾಯ ನಡೆಯದು. ಮನೆಬಳಕೆಯ ಸಾಮಾನ್ಯ ಕ್ಯಾಸೆಟ್ ಯಂತ್ರದಲ್ಲಿ ಬರೆಯುವುದೂ ಓದುವುದೂ ಒಂದೇ ಹೆಡ್, ಬರೆಯುತ್ತಿರುವಾಗಲೇ ಓದಲಾರದು. ಅಲ್ಲಿ ಪೆಡಲೇ ಬೇಕು, ಅದಕ್ಕೆ ಕೊಟ್ಟ ಹಣ ದಂಡವಲ್ಲ. ಚೇಸ್ ಬ್ಲಿಸ್ ಕಂಪನಿಯ ‘ಜನರೇಷನ್ ಲಾಸ್’ ಪೆಡಲಿನ 2022ರ ಆವೃತ್ತಿಯಲ್ಲಿ ವಾವ್ ಮತ್ತು ಫ್ಲಟರಿಗೆ ಬೇರೆ ಬೇರೆ ಗುಂಡಿಗಳಿವೆ, ಅಲೆಯನ್ನು ಚಪ್ಪಟೆಯಾಗಿಸುವ ಸ್ಯಾಚುರೇಷನ್ನಿಗೂ ಒಂದಿದೆ. ಟೇಪು ಮುದುರಿದಂತೆ, ನಡುನಡುವೆ ಧ್ವನಿ ಬಿಟ್ಟುಹೋದಂತೆ ಮಾಡಲು ಇನ್ನೊಂದು. ಸ್ಟ್ರೈಮನ್ ಅವರ ‘ಡೆಕೊ’ದ ಬಲ ಪಂಚಮ ಸೇರಿಸುವ ಆ ಬೆಚ್ಚಗಿನಲ್ಲಿ, ಎರಡು ಟೇಪು ಒಟ್ಟಿಗೆ ಓಡಿಸಿದಂಥ ಜೋಡಿಧ್ವನಿಯಲ್ಲಿ. ಜೆ.ಎಚ್.ಎಸ್.ನ ‘424’ ಕ್ಯಾಸೆಟ್ ಯಂತ್ರದ ಹೆಸರು ಹೊತ್ತಿದ್ದರೂ ಅದರ ಪ್ರೀ-ಆಂಪ್ಲಿಫೈಯರಿನ ಗೊಗ್ಗರು ಮಾತ್ರ ಕೊಡುತ್ತದೆ, ಅಲುಗಾಟ ಅದರಲ್ಲಿಲ್ಲ. ಅಗ್ಗದ ಕೆಲವು ಪೆಡಲ್‌ಗಳಲ್ಲಿ ಒಂದೇ ಒಂದು ನಿಯತ ಅಲೆ ಶ್ರುತಿಯನ್ನು ತೂಗುತ್ತಿರುತ್ತದೆ. ಮೊದಲ ಕ್ಷಣ ಮೋಹಕ. ನಾಲ್ಕು ಆವರ್ತ ಕಳೆಯುವಷ್ಟರಲ್ಲಿ ಕಿವಿ ಅದನ್ನು ಬಾಯಿಪಾಠ ಮಾಡಿಬಿಡುತ್ತದೆ, ಆಮೇಲೆ ಬೇಸರ.

ಆದ್ದರಿಂದ ಅಂಗಡಿಗೆ ಹೋದಾಗ ವೇಗದ ನುಡಿಸಾಣಿಕೆ ಬೇಡ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಚ್ಚಿ, ಅದೇ ಶ್ರುತಿಗೆ ಒಂದು ತೆರೆದ ತಂತಿಯನ್ನು ಮೀಟಿ ಬಿಡಿ. ಆರಿದಂತೆ ಮತ್ತೆ ಮೀಟಿ. ಅರ್ಧ ನಿಮಿಷ ಸುಮ್ಮನೆ ಕೇಳಿ. ಅಲುಗಾಟಕ್ಕೆ ಸರಿಯಾಗಿ ಕೈಯಲ್ಲಿ ತಾಳ ಹಾಕಲು ಬಂದರೆ ಆ ಪೆಡಲನ್ನು ವಾಪಸ್ ಕೊಡಿ. ಮುಂದಿನ ಏರು ಯಾವಾಗ ಬರುತ್ತದೆಂದು ಊಹಿಸಲು ಆಗದಿದ್ದರೆ ಕೊಳ್ಳಿ, ವಾವ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೇ ಇಟ್ಟುಕೊಳ್ಳಿ.