ಮೂರು ಪರ್ಸೆಂಟ್ ಭಿಕ್ಷುಕರ ಕರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಸ್ವಂತ ಮನೆ ಇರುವವರು ಆಸ್ತಿ ತೆರಿಗೆಯ ಲೆಕ್ಕವನ್ನು ಒಮ್ಮೆ ಕೊನೆಯವರೆಗೂ ಓದಬೇಕು. ತೆರಿಗೆಯ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಜೊತೆಗೆ ಭಿಕ್ಷುಕರ ಕರ. ದರ ಶೇ 3; ಸಾವಿರ ರೂಪಾಯಿ ತೆರಿಗೆಗೆ ಮೂವತ್ತು ರೂಪಾಯಿ. ಅಂದರೆ ಬೀದಿಯಲ್ಲಿ ಮಲಗುವವರ ಹೆಸರಿನಲ್ಲಿ ನಾವೆಲ್ಲ ದಶಕಗಳಿಂದ ದುಡ್ಡು ಕಟ್ಟುತ್ತಲೇ ಇದ್ದೇವೆ. ಅದು ನಗರಸಭೆ, ಪುರಸಭೆಗಳ ಕೈಯಲ್ಲಿ ಉಳಿಯುವಂಥದ್ದಲ್ಲ, ಭಿಕ್ಷುಕರ ಕೇಂದ್ರಗಳನ್ನು ನಡೆಸುವ ಬೆಂಗಳೂರಿನ ಕೇಂದ್ರ ಪರಿಹಾರ ಸಮಿತಿಗೆ ಸಲ್ಲಬೇಕಾದದ್ದು.

ಈ ಕರದ ಹಿಂದಿನ ಕಥೆ ಹಳೆಯದು. ಮನೆ ಬಿಟ್ಟು ಬಂದವರ ಗೊಡವೆ ಈ ಭಾಗದಲ್ಲಿ ಸರ್ಕಾರಕ್ಕೆ ದೊಡ್ಡದಾಗಿ ತಟ್ಟಿದ್ದು 1876–78ರ ಧಾತು ಈಶ್ವರ ಬರದಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಗೆ 42 ಲಕ್ಷಕ್ಕಿಂತ ಕೆಳಗಿಳಿಯಿತು. ಹಳ್ಳಿ ತೊರೆದು ದಾರಿಗೆ ಬಿದ್ದವರಿಗೆ ಗಂಜಿ ಹಾಕಿದ ಆಡಳಿತಕ್ಕೆ ಬಹುಬೇಗ ಹುಟ್ಟಿದ ಸಂಶಯವೆಂದರೆ, ಪುಕ್ಕಟೆ ಗಂಜಿ ಉಂಡು ಜನ ಸೋಮಾರಿಗಳಾದರೆ? ಗಟ್ಟಿಮುಟ್ಟಾದವರನ್ನು ಕಾಮಗಾರಿಗೆ ಅಟ್ಟಿದರು. ಬೆಂಗಳೂರು–ಮೈಸೂರು ರೈಲು ಮಾರ್ಗ ಶುರುವಾದದ್ದೇ ಬರ ಪರಿಹಾರದ ಕೆಲಸವಾಗಿ. 1882ರಲ್ಲಿ ಅದು ಮೈಸೂರು ಮುಟ್ಟಿತು. ಇವತ್ತು ರಾಮನಗರ, ಚನ್ನಪಟ್ಟಣದಿಂದ ದಿನಾ ಬೆಂಗಳೂರಿಗೆ ಓಡಾಡುವವರು ಕೂರುವ ರೈಲು ಆ ದಾರಿಯಲ್ಲೇ ಹೋಗುತ್ತದೆ. ದುಡಿಯಬಲ್ಲವನು, ದುಡಿಯಲಾರದವನು ಎಂದು ಗೆರೆ ಎಳೆದು ನೋಡುವ ಅಭ್ಯಾಸವೂ ಆಗಲೇ ಕೂತಿತು.

ಆ ಗೆರೆಗೆ ಕಾನೂನಿನ ರೂಪ ಬಂದದ್ದು 1944ರ ಮೈಸೂರು ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ. ಅದರ ಬೆನ್ನಿಗೇ ಮಾಗಡಿ ರಸ್ತೆಯಲ್ಲಿ ನೂರಾರು ಎಕರೆಯ ಬಯಲಿನಲ್ಲಿ ಒಂದು ಕೇಂದ್ರ ತಲೆಯೆತ್ತಿತು. ಆಗ ಅದು ಊರಾಚೆ. ಈಗ ಬೋರ್ಡಿನ ಮೇಲೆ ನಿರಾಶ್ರಿತರ ಪರಿಹಾರ ಕೇಂದ್ರ, ಜನರ ಬಾಯಲ್ಲಿ ಬೆಗ್ಗರ್ಸ್ ಕಾಲೊನಿ. ಬೆಂಗಳೂರಿನಿಂದ ಮಾಗಡಿಗೆ ಹೋಗುವ ಬಸ್ಸು ಅದರ ಮುಂದೆಯೇ ಹಾದುಹೋಗುತ್ತದೆ. ಪಕ್ಕದ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಆರೈಕೆಗೆ ಸರ್ಕಾರ 1970ರ ದಶಕದ ಕೊನೆಗೆ ಜಾಗ ಬಿಟ್ಟುಕೊಟ್ಟದ್ದೂ ಈ ಬಯಲಿನಲ್ಲೇ. ಯಾರು ಕಣ್ಣಿಗೆ ಬೀಳಬಾರದೋ ಅವರಿಗೆಲ್ಲ ಒಂದೇ ದಿಕ್ಕು.

1975ರಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ, ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಉಳುವವನಿಗೆ ಭೂಮಿ, ಇಲ್ಲದವರಿಗೆ ನಿವೇಶನ ಎಂದ ಸರ್ಕಾರವೇ ಬೀದಿಯವನಿಗೆ ಮಾತ್ರ ಹಿಡಿದೊಯ್ಯುವ ವ್ಯಾನು ಕಳಿಸಿತು. ಈ ಕಾಯ್ದೆಯ ಕಣ್ಣಿಗೆ ಕೈಚಾಚಿದವನಷ್ಟೇ ಭಿಕ್ಷುಕನಲ್ಲ. ಬದುಕಿಗೆ ದಾರಿ ಕಾಣದೆ, ಬೇಡಿಯೇ ಹೊಟ್ಟೆ ಹೊರೆಯುತ್ತಿರಬೇಕು ಎನ್ನಿಸುವಂತೆ ಸಾರ್ವಜನಿಕ ಜಾಗದಲ್ಲಿ ಅಲೆಯುವವನೂ ಭಿಕ್ಷುಕನೇ. ಅನ್ನಿಸುವುದು ಯಾರಿಗೆ? ಹಿಡಿಯಲು ಬಂದವನಿಗೆ. ಮಾಸಿದ ಅಂಗಿಯೇ ಸಾಕ್ಷಿ. ಸಿಕ್ಕಿಬಿದ್ದರೆ ಒಂದರಿಂದ ಮೂರು ವರ್ಷ ಕೇಂದ್ರದ ಒಳಗೆ.

ಇದರ ಬೆಲೆ ಏನೆಂದು ಲೋಕಕ್ಕೆ ಗೊತ್ತಾದದ್ದು 2010ರ ಆಗಸ್ಟ್‌ನಲ್ಲಿ. ಮಾಗಡಿ ರಸ್ತೆಯ ಕೇಂದ್ರದಲ್ಲಿ ವಾಂತಿಭೇದಿಗೆ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಜನ ಸತ್ತರು. ಭಿಕ್ಷೆಯನ್ನೇ ಬೇಡದೆ ಕೂಲಿ ಮಾಡುತ್ತಿದ್ದವರನ್ನೂ ಬೀದಿಯಿಂದ ಎತ್ತಿಹಾಕಿಕೊಂಡು ಬಂದಿದ್ದರು ಎಂಬ ದೂರುಗಳು ಆಗಲೇ ಬೆಳಕಿಗೆ ಬಂದವು. ದುಡ್ಡಿರಲಿಲ್ಲ ಎನ್ನುವ ಹಾಗೂ ಇರಲಿಲ್ಲ, ಕರದ ಹಕ್ಕು ಕಾಯ್ದೆಯಲ್ಲೇ ಇತ್ತು. ವಸೂಲಾದ ಕರವನ್ನು ಸಮಿತಿಗೆ ದಾಟಿಸದೆ ಬಾಕಿ ಇಟ್ಟುಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಹಳೇ ಚಾಳಿ, ಆ ಮಾತು ಬೇರೆ.

ಅದೇ ವರ್ಷ ಸುಪ್ರೀಂ ಕೋರ್ಟ್, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ರಾತ್ರಿ ಆಶ್ರಯ ಬೇಕೆಂದಿತು. ಅದು 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಭಾಗವಾಯಿತು. ಲಕ್ಷ ಜನಕ್ಕೆ ನೂರು ಮಂದಿ ತಂಗುವಷ್ಟು ಜಾಗ, ತಲೆಗೆ 50 ಚದರ ಅಡಿ. ಐವತ್ತು ಅಡಿ ಎಂದರೆ ಒಂದು ಚಾಪೆ, ತಲೆದಿಂಬಿಗೊಂದು ಗಂಟು, ಪಕ್ಕದವನ ಕಾಲು ತಾಗದಷ್ಟು ಬಿಡುವು. ಹಿಡಿದು ತರುವಂತಿಲ್ಲ, ಬಂದವರಿಗೆ ಬಾಗಿಲು ತೆರೆದಿರಬೇಕು. ಧಾತು ಬರದಿಂದ ಲೆಕ್ಕ ಹಾಕಿದರೆ ಈ ಬುದ್ಧಿ ಬರಲು ನೂರ ಮೂವತ್ತು ವರ್ಷಗಳ ಮೇಲೇ ಹಿಡಿಯಿತು.

ಆದರೆ ಮೊದಲ ಸುತ್ತಿನಲ್ಲಿ ಯೋಜನೆ ಇದ್ದದ್ದು ಲಕ್ಷ ದಾಟಿದ ಊರುಗಳಿಗೆ ಮತ್ತು ಜಿಲ್ಲಾ ಕೇಂದ್ರಗಳಿಗೆ. 2011ರ ಗಣತಿಯಲ್ಲಿ ರಾಮನಗರದ ಜನ 95 ಸಾವಿರ ಚಿಲ್ಲರೆ. 2007ರಲ್ಲಿ ಜಿಲ್ಲಾ ಕೇಂದ್ರವಾಗಿದ್ದರಿಂದ ಬಚಾವಾಯಿತು. ಸುಮಾರು 72 ಸಾವಿರದ ಚನ್ನಪಟ್ಟಣ, 54 ಸಾವಿರದ ಕನಕಪುರ, ಇನ್ನೂ ಚಿಕ್ಕ ಮಾಗಡಿ 2016ರ ವಿಸ್ತರಣೆಯವರೆಗೂ ಕಾಯಬೇಕಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತ ಮೂಟೆ ಹೊರುವವನಿಗೆ ಕೆಲಸ ಹುಟ್ಟುವ ಜಾಗದ ಹತ್ತಿರವೇ ಮಲಗಬೇಕು. ಊರ ಹೊರಗೆ ಎಲ್ಲೋ ಕಟ್ಟಿದ ತಂಗುದಾಣ ಅವನಿಗೆ ಯಾತಕ್ಕೂ ಬಾರದು. ವಸತಿ ಯೋಜನೆಗಳೂ ಅವನನ್ನು ಮುಟ್ಟುವುದು ಕಷ್ಟ. ಆಶ್ರಯ ಯೋಜನೆಯ ಮನೆಯಿಂದ ಹಿಡಿದು ಎಲ್ಲವೂ ಕುಟುಂಬ, ರೇಷನ್ ಕಾರ್ಡು, ವಿಳಾಸ ಕೇಳುತ್ತವೆ. ಒಂಟಿಯಾಗಿ ಪ್ಲಾಟ್‌ಫಾರಂ ಮೇಲೆ ಮಲಗುವವನ ಹತ್ತಿರ ಇಲ್ಲದಿರುವುದು ಇವೇ ಮೂರು.

ನನಗೆ ಎದ್ದು ಕಾಣುವ ದೋಷವೆಂದರೆ ಕರ ಹೋಗುವುದು ಸಮಾಜ ಕಲ್ಯಾಣದ ಕಡೆಗೆ, ತಂಗುದಾಣ ನಡೆಸುವ ಹೊಣೆ ನಗರಾಡಳಿತಕ್ಕೆ. ಕನಕಪುರದವರು ಕಟ್ಟಿದ ಮೂವತ್ತು ರೂಪಾಯಿಗೆ ಕನಕಪುರದ ಬಸ್ ನಿಲ್ದಾಣದಲ್ಲೇ ಒಂದು ಚಾಪೆ ಹಾಸುವ ದಾರಿ ಇಲ್ಲ. ದೆಹಲಿ ಹೈಕೋರ್ಟ್ 2018ರಲ್ಲಿ ಭಿಕ್ಷೆ ಅಪರಾಧವಲ್ಲ ಎಂದು ಅಲ್ಲಿ ಜಾರಿಯಲ್ಲಿದ್ದ ಕಾನೂನಿನ ಹಲ್ಲು ಕಿತ್ತಿತು. ನಮ್ಮ 1975ರ ಕಾಯ್ದೆ ಹಾಗೆಯೇ ನಿಂತಿದೆ.

ಮುಂದಿನ ಜನಗಣತಿ 2027ಕ್ಕೆ. ಹಿಂದಿನ ಸಲ ಸೂರಿಲ್ಲದವರನ್ನು ಎಣಿಸಿದ್ದು 2011ರ ಫೆಬ್ರುವರಿ 28ರ ಒಂದೇ ರಾತ್ರಿ. ವ್ಯಾನಿಗೆ ಹೆದರುವವನು ಟಾರ್ಚು ಹಿಡಿದು ಬರುವವರನ್ನು ಕಂಡರೂ ಜಾಗ ಬಿಟ್ಟೇಳುತ್ತಾನೆ. ಎಣಿಕೆಗೆ ಸಿಗದವನ ಪಾಲಿನ ಐವತ್ತು ಅಡಿಯನ್ನು ಯಾವ ಪುರಸಭೆ ಕೇಳೀತು?