ರೋಗಿಯ ಕೈಯಲ್ಲಿ ಉಳಿದ ಕಾಗದ

ಮನ್ನಳ್ಳಿಯ ಕಡೆಯಿಂದ ಬೀದರಿನ ದವಾಖಾನೆಗೆ ಬರುವ ವೃದ್ಧರು ವೈದ್ಯರ ಮುಂದೆ ಕುಳಿತು ತಮ್ಮ ವ್ಯಥೆಯನ್ನು ಹೇಳಲಾರಂಭಿಸುವ ಮುನ್ನವೇ ಚೀಲದಿಂದ ಹೊರತೆಗೆಯುವುದು ಕಾಗದಗಳ ಗಂಟನ್ನು: ಸರ್ಕಾರಿ ಮೊಹರಿನ ಚೀಟಿ, ಹೈದರಾಬಾದಿನ ಆಸ್ಪತ್ರೆಯ ಬಿಡುಗಡೆ ಪತ್ರ, ಉದಗೀರಿನದೋ ಸೊಲ್ಲಾಪುರದ್ದೋ ಆದ ಎಕ್ಸ್-ರೇ ಹಾಳೆ. ಮೂರು ರಾಜ್ಯಗಳ ವೈದ್ಯರು ಪರಸ್ಪರ ಕಾಣದೆಯೇ ಒಬ್ಬ ಮನುಷ್ಯನ ದೇಹದ ಕುರಿತು ನಡೆಸಿದ ಸಂವಾದವೆಲ್ಲ ಆ ಗಂಟಿನೊಳಗಿರುತ್ತದೆ.

ವೈದ್ಯಾಲಯವು ಬೀದರಿಗೆ ಹೊಸತಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನು ಇಲ್ಲಿ ದೊಡ್ಡ ಚಿಕಿತ್ಸಾಲಯವೊಂದನ್ನು ಕಟ್ಟಿಸಿ, ರೋಗಿಗಳ ಅನ್ನೌಷಧಗಳಿಗಾಗಿ ಗ್ರಾಮಗಳನ್ನು ದತ್ತಿಯಾಗಿ ಬಿಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ವೈದ್ಯರನ್ನೂ ನೇಮಿಸಿದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಆದರೆ ಅವನು ಬರೆದಿಟ್ಟದ್ದು ದಾತೃವಿನ ವೃತ್ತಾಂತವನ್ನು, ರೋಗಿಯದನ್ನಲ್ಲ. ಕನ್ನಡದ ವೈದ್ಯಗ್ರಂಥಗಳ ರೀತಿಯೂ ಅದೇ. ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವನ್ನೂ ಅದರ ಪರಿಹಾರವನ್ನೂ ವಿಸ್ತಾರವಾಗಿ ನಿರೂಪಿಸುವ ಶಾಸ್ತ್ರವೇ ಹೊರತು ವಿಷವೇರಿದ ಇಂಥವನ ದಿನಚರಿಯಲ್ಲ.

ವ್ಯಕ್ತಿಗೊಂದು ಕಡತವೆಂಬ ಕಲ್ಪನೆ ಬಹಳ ಈಚಿನದು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯನು 1907ರಲ್ಲಿ, ಆಯಾ ವೈದ್ಯರ ಲೆಕ್ಕಪುಸ್ತಕಗಳಲ್ಲಿ ಚದುರಿಹೋಗುತ್ತಿದ್ದ ಬರಹವನ್ನೆಲ್ಲ ರೋಗಿಗೊಂದು ಸಂಖ್ಯೆಯಡಿ ಒಂದೆಡೆ ಸೇರಿಸಿದನು. ಇಂಗ್ಲೆಂಡಿನಲ್ಲಿ 1911ರ ರಾಷ್ಟ್ರೀಯ ವಿಮಾ ಶಾಸನವು ಕಾರ್ಮಿಕರನ್ನು ಊರ ವೈದ್ಯನ ಪಟ್ಟಿಗೆ ಸೇರಿಸಿದ ಫಲವಾಗಿ, ಆ ಶಾಸನವನ್ನು ತಂದ ಲಾಯ್ಡ್ ಜಾರ್ಜನ ಹೆಸರಿನಿಂದಲೇ ಪ್ರಸಿದ್ಧವಾದ, ಅಂಗೈಗಿಂತ ತುಸು ದೊಡ್ಡದಾದ ಲಕೋಟೆಯು ರೂಢಿಗೆ ಬಂದಿತು. ರೋಗಿ ಊರು ಬಿಟ್ಟರೆ ಲಕೋಟೆಯೂ ಹೊಸ ವೈದ್ಯನಲ್ಲಿಗೆ ಹೋಗುತ್ತಿತ್ತು. ಅದನ್ನು ಹೊತ್ತೊಯ್ಯುವ ಭಾರ ರೋಗಿಯದಾಗಿರಲಿಲ್ಲ.

ನಮ್ಮಲ್ಲಿ ಆ ಭಾರವು ರೋಗಿಯ ಮೇಲೆಯೇ ಬಿದ್ದಿತು. ಆರೋಗ್ಯ ಸೇವೆಗಳ ಕುರಿತಾದ ಭೋರ್ ಸಮಿತಿಯ 1946ರ ವರದಿಯ ಆಶಯದಂತೆ 1952ರಿಂದ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರವು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆದರೆ ಯಾವ ಊರಿನವನು ಯಾವ ವೈದ್ಯನ ಪಾಲಿನವನೆಂಬ ನೋಂದಣಿ ಇಲ್ಲಿ ಏರ್ಪಡಲೇ ಇಲ್ಲ. ಕೇಂದ್ರದ ರಿಜಿಸ್ಟರು ಆ ದಿನ ಬಂದವರನ್ನು ಎಣಿಸಿತು, ಸರ್ಕಾರಕ್ಕೆ ಲೆಕ್ಕವನ್ನೊಪ್ಪಿಸಿತು. ರೋಗದ ಕಥೆಯಾದರೋ ಚೀಟಿಯೊಡನೆ ಮನೆಗೆ ನಡೆಯಿತು.

ಇದಕ್ಕೆ ಅಪವಾದವೊಂದುಂಟು, ಅದು ಕನ್ನಡ ನಾಡಿಗೆ ಹೆಮ್ಮೆಯ ವಿಷಯ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ರೂಪಿಸಿ, 1962ರಿಂದ ದೇಶಕ್ಕೆ ಅನ್ವಯಿಸಿದ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ, ವರ್ಷಕ್ಕೂ ಮೀರಿ ಮಾತ್ರೆ ನುಂಗಬೇಕಾದವನ ಚಿಕಿತ್ಸಾ ಕಾರ್ಡು ಕೇಂದ್ರದಲ್ಲಿಯೇ ಇರುತ್ತಿತ್ತು. ಗೊತ್ತಾದ ದಿನಕ್ಕೆ ಅವನು ಬಾರದಿದ್ದರೆ ಕಾರ್ಡಿನ ಆ ಮನೆ ಖಾಲಿಯುಳಿಯುತ್ತಿತ್ತು. ಖಾಲಿ ಮನೆಯನ್ನು ಕಂಡ ಸಿಬ್ಬಂದಿ ಮೊದಲು ಪತ್ರ ಬರೆಯಬೇಕಿತ್ತು, ಬಳಿಕ ಅವನ ಮನೆಗೆ ಹೋಗಿ ವಿಚಾರಿಸಬೇಕಿತ್ತು. ಬಾರದವನನ್ನು ನೆನಪಿಸುವ ಈ ಗುಣ ನಮ್ಮ ಹೊರರೋಗಿ ಚೀಟಿಗೆ ಎಂದೂ ಬರಲಿಲ್ಲವೆಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ. ಏಕೆಂದರೆ ಸಕ್ಕರೆ ಕಾಯಿಲೆಯವನೂ ರಕ್ತದೊತ್ತಡದವನೂ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಡುವುದು ಹೀಗೆಯೇ, ಯಾರಿಗೂ ತಿಳಿಯದಂತೆ. ಗರ್ಭಿಣಿಯರ ತಾಯಿ ಕಾರ್ಡು ಮಾತ್ರ ಎರಡು ಕಡೆಯೂ ಉಳಿಯುವ ದಾಖಲೆ: ಆಕೆಯ ಕೈಯಲ್ಲಿ ಕಾರ್ಡು, ಆರೋಗ್ಯ ಸಹಾಯಕಿಯ ಬಳಿ ಅದರ ಜೋಡಿ ಬರಹ.

ಒಳರೋಗಿಯ ದಾಖಲೆಯನ್ನು ವೈದ್ಯನು ಮೂರು ವರ್ಷ ಕಾದಿರಿಸಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ವಿಧಿಸಿತು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದೂ ಹೇಳಿತು. ಹೊರರೋಗಿಯ ಚೀಟಿಗೆ ಅಂತಹ ಅವಧಿಯನ್ನು ಅದು ಗೊತ್ತುಪಡಿಸಲಿಲ್ಲವಾದ್ದರಿಂದ, ಚೀಲದ ಗಂಟೇ ಎಷ್ಟೋ ಜನರಿಗೆ ಏಕಮಾತ್ರ ಪ್ರತಿ. ಅದೂ ಶಾಶ್ವತವಲ್ಲ: ಶಾಖದಿಂದ ಮುದ್ರಿತವಾಗುವ ಇಸಿಜಿ ಹಾಳೆ ಬಿಸಿಲಿಗೂ ಸೆಕೆಗೂ ಮಾಸಿ, ಹಿಂದಿನ ಹೃದಯಾಘಾತದ ಸಾಕ್ಷ್ಯವನ್ನೇ ಅಳಿಸಿಬಿಡುತ್ತದೆ.

2021ರಲ್ಲಿ ದೇಶವ್ಯಾಪಿಯಾದ ಡಿಜಿಟಲ್ ಆರೋಗ್ಯ ಯೋಜನೆಯು ಈಗ ಪ್ರತಿಯೊಬ್ಬನಿಗೂ 14 ಅಂಕಿಗಳ ‘ಆಭಾ’ ಎಂಬ ಆರೋಗ್ಯ ಗುರುತಿನ ಸಂಖ್ಯೆಯನ್ನು ಕೊಡಹೊರಟಿದೆ. ಸಂಖ್ಯೆಯನ್ನು ಕೊಡುವುದು ಸುಲಭ, ಅದರೊಳಗೆ ತುಂಬಬೇಕಾದ ಗತಕಾಲವು ಮಾತ್ರ ಇನ್ನೂ ಆ ಗಂಟುಗಳಲ್ಲಿಯೇ ಇದೆ. ನೋಂದಣಿಯ ದಿನದಂದೇ ಕೇಂದ್ರದವರು ಗಂಟನ್ನು ಬಿಚ್ಚಿಸಿ, ಮಾಸುತ್ತಿರುವ ಇಸಿಜಿಯ ಚಿತ್ರವನ್ನು ತೆಗೆದು, ಯಾವ ಔಷಧ ಒಗ್ಗದೆಂಬುದನ್ನೂ ಹಿಂದಿನ ಶಸ್ತ್ರಚಿಕಿತ್ಸೆಯನ್ನೂ ಬರೆದುಕೊಂಡು, ಮೂಲ ಕಾಗದಗಳನ್ನು ರೋಗಿಯ ಕೈಗೇ ಮರಳಿಸುವ ಏರ್ಪಾಡು ಆಗಬೇಕು.